ಎರಡು ಕ್ಯಾಮೆರಾಗಳ ಚರಿತ್ರೆ



ಕಾಲೇಜಿನ ವಾರ್ಷಿಕೋತ್ಸವವನ್ನೋ ಊರಿನ ಜಾತ್ರೆಯನ್ನೋ ಚಿತ್ರೀಕರಿಸಲು ಹೊರಟವರು ನನ್ನನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಸಾರ್, ಕ್ಯಾಮ್‌ಕಾರ್ಡರ್ ತರೋಣವೇ, ದೊಡ್ಡ ಸೆನ್ಸರಿನ ಕ್ಯಾಮೆರಾ ತರೋಣವೇ?” ಉತ್ತರ ಹುಡುಕುವ ಮುನ್ನ ಈ ಎರಡೂ ಯಂತ್ರಗಳು ಹುಟ್ಟಿದ ಬಗೆಯನ್ನು ನೋಡೋಣ. ಯಾವ ಕೆಲಸಕ್ಕೆಂದು ಯಂತ್ರ ಹುಟ್ಟಿತೋ ಆ ಗುಣವನ್ನು ಅದು ಬೇಗನೆ ಬಿಟ್ಟುಕೊಡುವುದಿಲ್ಲ.

1970ರ ದಶಕದ ಟೆಲಿವಿಷನ್ ಸುದ್ದಿ ತಂಡವನ್ನು ಕಲ್ಪಿಸಿಕೊಳ್ಳಿ. ಒಬ್ಬರ ಹೆಗಲಲ್ಲಿ ಕ್ಯಾಮೆರಾ, ಇನ್ನೊಬ್ಬರ ಹೆಗಲಲ್ಲಿ ಯೂ-ಮ್ಯಾಟಿಕ್ ಟೇಪಿನ ರೆಕಾರ್ಡರ್, ನಡುವೆ ಒಂದು ಕೇಬಲ್. ಒಬ್ಬರು ಓಡಿದರೆ ಇನ್ನೊಬ್ಬರೂ ಓಡಬೇಕು! 1982ರಲ್ಲಿ ಬಂದ ಸೋನಿ ಸಂಸ್ಥೆಯ ಬೀಟಾಕ್ಯಾಮ್ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿತು. 1983ರ ಬೀಟಾಮೂವಿ ಇದೇ ಅನುಕೂಲವನ್ನು ಮನೆಮನೆಗೆ ತಂದಿತು. ಆದರೆ ಅದರಲ್ಲಿ ಚಿತ್ರ ತೆಗೆಯಬಹುದಿತ್ತೇ ಹೊರತು ತೆಗೆದದ್ದನ್ನು ಅದರಲ್ಲೇ ನೋಡುವಂತಿರಲಿಲ್ಲ. 1995ರಲ್ಲಿ ಡಿಜಿಟಲ್ ಡಿವಿ ಟೇಪು, 2003ರಲ್ಲಿ ಹೆಚ್ಚು ಸ್ಪಷ್ಟತೆಯ ಎಚ್‌ಡಿವಿ ಬಂದವು. ರೂಪ ಬದಲಾದರೂ ಉದ್ದೇಶ ಬದಲಾಗಲಿಲ್ಲ. ಘಟನೆ ನಮಗಾಗಿ ಕಾಯುವುದಿಲ್ಲ. ಆದ್ದರಿಂದ ಒಬ್ಬನೇ ವ್ಯಕ್ತಿ ದೂರದ್ದನ್ನೂ ಹತ್ತಿರದ್ದನ್ನೂ ಧ್ವನಿಸಹಿತ, ಎಡೆಬಿಡದೆ ಹಿಡಿಯುವಂತಿರಬೇಕು.

ಇನ್ನೊಂದು ಕ್ಯಾಮೆರಾದ ವಂಶವೇ ಬೇರೆ. ಅದು ಸ್ಥಿರಚಿತ್ರದ ಮನೆತನದ್ದು. 2008ರಲ್ಲಿ ನಿಕಾನ್ ಡಿ90 ವಿಡಿಯೋ ತೆಗೆಯಬಲ್ಲ ಮೊದಲ ಡಿಎಸ್‌ಎಲ್‌ಆರ್ ಎನಿಸಿತು. ಅದೇ ವರ್ಷ ಬಂದ ಕ್ಯಾನನ್ 5ಡಿ ಮಾರ್ಕ್ 2 ಕ್ಯಾಮೆರಾ 1920 x 1080 ಬಿಂದುಗಳ ಪೂರ್ಣ ಎಚ್‌ಡಿ ಚಿತ್ರ ನೀಡಿತು. ಅದರ ಸೆನ್ಸರ್ 36 x 24 ಮಿ.ಮೀ. ಅಂದಿನ ಅನೇಕ ಕ್ಯಾಮ್‌ಕಾರ್ಡರ್‌ಗಳಲ್ಲಿದ್ದ ‘ಮೂರನೇ ಒಂದು ಇಂಚು’ ಸೆನ್ಸರಿನ ಅಳತೆ ಸುಮಾರು 4.8 x 3.6 ಮಿ.ಮೀ. ಗುಣಿಸಿ ನೋಡಿ: ವಿಸ್ತೀರ್ಣದಲ್ಲಿ ಸುಮಾರು 50 ಪಟ್ಟು ವ್ಯತ್ಯಾಸ!

ಇದರಿಂದ ಆಗುವುದೇನು? ದೊಡ್ಡ ಸೆನ್ಸರಿನಲ್ಲಿ 50 ಮಿ.ಮೀ. ಮಸೂರ ತೋರಿಸುವಷ್ಟೇ ಅಗಲದ ನೋಟವನ್ನು ಪುಟ್ಟ ಸೆನ್ಸರಿನಲ್ಲಿ ಸುಮಾರು 7 ಮಿ.ಮೀ. ಮಸೂರವೇ ಕೊಡುತ್ತದೆ. ಸಂಗಮ ದೂರ ಕಡಿಮೆಯಾದಷ್ಟೂ ಮುಂದಿನದು, ಹಿಂದಿನದು ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. ಅದು ಹೆಚ್ಚಾದಾಗ ಮುಖ ಮಾತ್ರ ಸ್ಪಷ್ಟವಾಗಿ, ಹಿನ್ನೆಲೆ ಮಂಜಾಗುತ್ತದೆ. ಈ ಸಿನಿಮಾ ಸೊಗಸು, ಜೊತೆಗೆ ಮಂದ ಬೆಳಕಿನಲ್ಲೂ ಸಿಗುವ ಶುಭ್ರವಾದ ಚಿತ್ರ, ಎಲ್ಲರ ಮನಸೆಳೆಯಿತು. 2010ರಲ್ಲಿ ಅಮೆರಿಕದ ‘ಹೌಸ್’ ಧಾರಾವಾಹಿಯ ಒಂದು ಪೂರ್ತಿ ಕಂತನ್ನೇ 5ಡಿ ಮಾರ್ಕ್ 2 ಬಳಸಿ ಚಿತ್ರೀಕರಿಸಿದರು.

ಆದರೆ ಹುಟ್ಟುಗುಣ ಉಳಿದಿತ್ತು. 5ಡಿ ಮಾರ್ಕ್ 2 ಪೂರ್ಣ ಎಚ್‌ಡಿಯಲ್ಲಿ ಒಮ್ಮೆಗೆ ಸುಮಾರು 12 ನಿಮಿಷ ಮಾತ್ರ ಓಡುತ್ತಿತ್ತು. ಒಂದು ಕಡತ 4 ಗಿಗಾಬೈಟ್ ಮೀರುವಂತಿರಲಿಲ್ಲ. ನಮ್ಮ ಟೆಲಿವಿಷನ್ನಿಗೆ ಸೆಕೆಂಡಿಗೆ 25 ಚಿತ್ರಗಳು ಬೇಕು, ಅದು ಕೊಡುತ್ತಿದ್ದುದು 30. 25ರ ಸೌಲಭ್ಯ ಸೇರಿದ್ದು 2010ರಲ್ಲಿ. ಬೇಗ ಬೇಗ ತಿರುಗಿಸಿದರೆ ನೆಟ್ಟಗಿನ ಕಂಬಗಳು ವಾಲಿದಂತೆ ಕಾಣುತ್ತಿದ್ದವು. ಏಕೆಂದರೆ ಸೆನ್ಸರ್ ಇಡೀ ಚಿತ್ರವನ್ನು ಒಮ್ಮೆಲೇ ಓದದೆ ಸಾಲುಸಾಲಾಗಿ ಓದುತ್ತಿತ್ತು.

ಇದರ ಬೆಲೆಯನ್ನು ನಾನೂ ತೆತ್ತಿದ್ದೇನೆ. ವರ್ಷಗಳ ಹಿಂದೆ ಚಾಮರಾಜನಗರದ ಕಡೆಯ ಹಳ್ಳಿಯೊಂದರಲ್ಲಿ ಹಿರಿಯ ನೀಲಗಾರರೊಬ್ಬರು ರಾತ್ರಿಯಿಡೀ ಮಂಟೇಸ್ವಾಮಿ ಕಾವ್ಯ ಹಾಡುವವರಿದ್ದರು. ಎಣ್ಣೆದೀಪದ ಬೆಳಕಿನಲ್ಲಿ ಅವರ ಮುಖ ಚೆನ್ನಾಗಿ ಬರಲೆಂಬ ಆಸೆಯಿಂದ ಕ್ಯಾಮ್‌ಕಾರ್ಡರನ್ನು ಬಿಟ್ಟು ದೊಡ್ಡ ಸೆನ್ಸರಿನ ಕ್ಯಾಮೆರಾ ಒಯ್ದೆ. ಹಾಡಿನಲ್ಲಿ ಮೈಮರೆತ ನಾನು, ಕ್ಯಾಮೆರಾ ತಾನಾಗಿ ನಿಂತದ್ದನ್ನು ಗಮನಿಸಲೇ ಇಲ್ಲ. ನೋಡುವಷ್ಟರಲ್ಲಿ ಒಂದು ಘಟ್ಟವೇ ಕಳೆದುಹೋಗಿತ್ತು. ಬೆಳಗ್ಗೆ ಕೇಳಿಕೊಂಡಾಗ ಅಜ್ಜ ಬೇಸರಿಸದೆ ಮತ್ತೆ ಹಾಡಿದರು. ಪದ ಅದೇ, ದನಿಯೂ ಅದೇ. ಆದರೆ ರಾತ್ರಿ ಸುತ್ತ ಕುಳಿತು ದನಿಗೂಡಿಸಿದ್ದ ಊರಿನ ಜನ ಅಲ್ಲಿರಲಿಲ್ಲ. ಆ ಚಿತ್ರ ಇಂದಿಗೂ ನನ್ನಲ್ಲಿದೆ. ನೋಡಲು ಬಲು ಸುಂದರ, ಆದರೆ ಅರ್ಧ.

ಮುಂದೆ ಎರಡು ವಂಶಗಳೂ ನೆಂಟಸ್ತನ ಬೆಳೆಸಿದವು. 2010ರಲ್ಲಿ ಪ್ಯಾನಾಸೋನಿಕ್‌ನ ಎಎಫ್100, 2011ರಲ್ಲಿ ಸೋನಿಯ ಎಫ್‌ಎಸ್100 ಹಾಗೂ ಕ್ಯಾನನ್ನಿನ ಸಿ300 ಬಂದವು. ಇವು ವಿಡಿಯೋ ಕ್ಯಾಮೆರಾದ ಒಡಲಲ್ಲಿ ದೊಡ್ಡ ಸೆನ್ಸರ್ ಹೊತ್ತವು. ಇಂದಿನ ಹಲವು ಕನ್ನಡಿರಹಿತ ಕ್ಯಾಮೆರಾಗಳಲ್ಲಿ ಹಳೆಯ ಕಾಲಮಿತಿ ಇಲ್ಲ; ಮುಖವನ್ನು ತಾವೇ ಗುರುತಿಸಿ ಫೋಕಸ್ ಮಾಡುತ್ತವೆ. ಆದರೆ ಮಸೂರದ ನಿಯಮ ಬದಲಾಗಿಲ್ಲ. ಅಂಗೈಯಗಲದ ಒಂದೇ ಪುಟ್ಟ ಕ್ಯಾಮೆರಾದಲ್ಲಿ 20 ಪಟ್ಟು ಜೂಮ್ ಬೇಕೆಂದರೆ ಇಂದಿಗೂ ಸಣ್ಣ ಸೆನ್ಸರೇ ಗತಿ.

ಆದ್ದರಿಂದ ಗೆಳೆಯರೇ, “ಯಾವ ಕ್ಯಾಮೆರಾ ಒಳ್ಳೆಯದು?” ಎಂದು ಕೇಳಬೇಡಿ. “ನಾನು ಹಿಡಿಯಹೊರಟಿರುವುದನ್ನು ಮತ್ತೊಮ್ಮೆ ಮಾಡಿಸಬಹುದೇ?” ಎಂದು ಕೇಳಿಕೊಳ್ಳಿ. ನಿಮ್ಮದೇ ಕಿರುಚಿತ್ರವಾದರೆ ದೊಡ್ಡ ಸೆನ್ಸರಿನ ಸೊಗಸನ್ನು ಧಾರಾಳವಾಗಿ ಸವಿಯಿರಿ. ಅಜ್ಜಿಯ ಸೋಬಾನೆ ಪದವೋ ಊರಿನ ಕೊನೆಯ ಕುಶಲಕರ್ಮಿಯ ಕೈಕೆಲಸವೋ ಆದರೆ, ನಡುವೆ ನಿಲ್ಲದ, ಧ್ವನಿಯನ್ನು ಸ್ಪಷ್ಟವಾಗಿ ಹಿಡಿಯುವ ಯಂತ್ರವನ್ನೇ ಒಯ್ಯಿರಿ. ಹೊರಡುವ ಮುನ್ನ ಮನೆಯಲ್ಲೇ ಒಂದು ಗಂಟೆ ಓಡಿಸಿ ಪರೀಕ್ಷಿಸಿ. ಹಿನ್ನೆಲೆ ಮಂಜಾಗದಿದ್ದರೆ ನಷ್ಟವೇನಿಲ್ಲ. ಪದ ಪೂರ್ತಿಯಾಗಿ ಉಳಿದಿರುತ್ತದೆ.