ನೀರೊಳಗಿನ ಜೋಡಣೆ: ನಕ್ಷೆಯನ್ನು ಯಾವ ಕಡೆಯಿಂದ ಓದಬೇಕು?

ಹಲವು ವರ್ಷಗಳ ಹಿಂದಿನ ಮಾತು. ನೀರಿನ ತಾಪ ಅಳೆಯುವ ಸಂವೇದಕವೊಂದನ್ನು ಬೆಳಗಾವಿಯ ಪ್ರಯೋಗಾಲಯದಲ್ಲಿ ಸಿದ್ಧಪಡಿಸಿ, ಖಾನಾಪುರದ ಬಳಿ ಮಲಪ್ರಭೆಯ ಮಡುವಿಗೆ ಇಳಿಸಿದೆವು. ಸ್ವಿಚ್ ಹಾಕಿದೊಡನೆ ಅದು ಸುಟ್ಟುಹೋಯಿತು. ನೀರು ಒಳನುಗ್ಗಿರಬೇಕೆಂದು ಬಿಚ್ಚಿ ನೋಡಿದರೆ ಒಳಗೆಲ್ಲ ಒಣಗಿಯೇ ಇತ್ತು. ತಪ್ಪು ನನ್ನದು. ಕನೆಕ್ಟರಿನ ಪಿನ್ ನಕ್ಷೆಯನ್ನು ತಿರುಗುಮುರುಗಾಗಿ ಓದಿದ್ದೆ.

ನೀರೊಳಗಿನ ತಂತಿಯ ಚರಿತ್ರೆಯ ಆರಂಭದಲ್ಲಿ ಇಂಥ ತಪ್ಪಿಗೆ ಅವಕಾಶವೇ ಇರಲಿಲ್ಲ. 1839ರಲ್ಲಿ ವಿಲಿಯಂ ಓಶಾಗ್ನೆಸಿ ಕಲ್ಕತ್ತೆಯ ಬಳಿ ಹೂಗ್ಲಿ ನದಿಯೊಳಗೆ ತಂತಿ ಹಾಯಿಸಿ ಸಂಕೇತ ಕಳುಹಿಸಿದರು. ಸೀಳಿದ ಬೆತ್ತ, ಡಾಂಬರು ಬಳಿದ ನೂಲು ಇವೇ ಅದರ ಹೊದಿಕೆ. ಮುಂದೆ ಮರದ ಹಾಲಿನಿಂದ ದೊರೆಯುವ ಗಟ್ಟಾಪರ್ಚಾ ಬಂದಿತು. ಅದನ್ನು ಹೊದಿಸಿದ ತಂತಿ 1851ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿತು. 1858ರ ಅಟ್ಲಾಂಟಿಕ್ ತಂತಿಗೆ ಸುಮಾರು 2000 ವೋಲ್ಟ್ ಕೊಟ್ಟಾಗ ದುರ್ಬಲ ಹೊದಿಕೆ ಕೆಟ್ಟು, ಕೆಲವೇ ವಾರಗಳಲ್ಲಿ ಅದು ಮೂಕವಾಯಿತು. 1870ರಲ್ಲಿ ಮುಂಬಯಿಯಿಂದ ಏಡನ್‌ಗೆ ಕಡಲ ತಂತಿ ಬಂದಾಗ ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿತ್ತು. ಈ ತಂತಿಗಳಲ್ಲಿ ಸಂಕೇತ ಒಯ್ಯಲು ಒಂದೇ ವಾಹಕ ಸಾಕಾಗಿತ್ತು. ವಿದ್ಯುತ್ತು ಹಿಂದಿರುಗಲು ಭೂಮಿ ಮತ್ತು ಕಡಲೇ ದಾರಿ. ಹಾಗಾಗಿ ಅಂದಿನ ಚಿಂತೆಯೆಲ್ಲ ಹೊದಿಕೆಯದು, ಕ್ರಮದ್ದಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಜಲಾಂತರ್ಗಾಮಿಗಳು, ಸೋನಾರ್, ಸಂವೇದಕಗಳು ಬಂದವು. ಒಂದೇ ಕೇಬಲ್ಲಿನಲ್ಲಿ ಹಲವು ವಾಹಕಗಳು ಸೇರಿದವು. ಯಾವ ಪಿನ್ನಿಗೆ ಯಾವ ತಂತಿ ಎಂಬ ಪ್ರಶ್ನೆ ಹುಟ್ಟಿತು. ಅಕ್ಷರಗಳಿಂದ ಪಿನ್ನುಗಳನ್ನು ಗುರುತಿಸುವಾಗ ಇಂಗ್ಲಿಷಿನ ಐ, ಓ, ಕ್ಯೂಗಳನ್ನು ಬಿಡುವ ರೂಢಿಯೂ ಬೆಳೆಯಿತು. ಐ ಮತ್ತು ಓ ಅಕ್ಷರಗಳನ್ನು ಒಂದು, ಸೊನ್ನೆ ಎಂದು ಓದಿಬಿಡುವ ಭಯ!

ಇನ್ನು ನಕ್ಷೆಯ ವಿಷಯ. ನಿಮ್ಮ ಎರಡೂ ಅಂಗೈಗಳನ್ನು ಮುಖದ ಮುಂದೆ ಹಿಡಿಯಿರಿ. ಬೆರಳುಗಳ ಕ್ರಮ ಒಂದಕ್ಕೊಂದು ಕನ್ನಡಿಯ ಬಿಂಬ. ಕೈ ಮುಗಿದರೆ ಹೆಬ್ಬೆರಳಿಗೆ ಹೆಬ್ಬೆರಳೇ ಸೇರುತ್ತದೆ. ಪಿನ್ನು ಮತ್ತು ಸಾಕೆಟ್ಟುಗಳ ಮುಖಗಳೂ ಹೀಗೆಯೇ. ಈಗ ಬಲ ಮುಂಗೈಯನ್ನು ನೋಡಿ: ಬೆರಳುಗಳ ಕ್ರಮ ಎಡ ಅಂಗೈಯದೇ! ಅಂದರೆ, ಪಿನ್ ಭಾಗವನ್ನು ಬೆಸುಗೆಯ ಕಡೆಯಿಂದ ನೋಡಿದರೆ ಕಾಣುವ ಕ್ರಮ ಸಾಕೆಟ್ಟಿನ ಮುಖದ ಕ್ರಮವೇ. ನಾನು ಪಿನ್ನುಗಳ ಮುಖದ ನಕ್ಷೆಯನ್ನು ಹಿಡಿದು ಹಿಂಬದಿಗೆ ಬೆಸುಗೆ ಹಾಕಿದ್ದೆ. ಒಂದು ಮತ್ತು ನಾಲ್ಕನೆಯ ಪಿನ್ನುಗಳು ಅದಲುಬದಲಾಗಿ, ಧನ ಋಣಗಳು ತಲೆಕೆಳಗಾದವು.

ಎರಡೂ ಭಾಗಗಳಲ್ಲಿ ಇದೇ ತಪ್ಪು ಮಾಡಿದರೆ ಉಪಕರಣ ಸರಿಯಾಗಿಯೇ ನಡೆಯುತ್ತದೆ. ಹೊಸ ಕೇಬಲ್ ತಂದು ಜೋಡಿಸಿದ ದಿನ ಸುಡುತ್ತದೆ. ಕೊಳವೆಬಾವಿಯ ಪಂಪು ಹಿಮ್ಮುಖವಾಗಿ ತಿರುಗಿದರೆ ಮೇಲಿನ ಪೆಟ್ಟಿಗೆಯಲ್ಲೇ ಎರಡು ಫೇಸ್ ತಂತಿಗಳನ್ನು ಬದಲಿಸಬಹುದು. ಆದರೆ ರಾಳ ತುಂಬಿ ಮುಚ್ಚಿದ ಕನೆಕ್ಟರನ್ನು ಕತ್ತರಿಸಿ ಎಸೆಯುವುದೇ ದಾರಿ. ಆದ್ದರಿಂದ ನಕ್ಷೆ ಯಾವ ಮುಖದ್ದೆಂದು ಮೊದಲು ಓದಿ. ರಾಳ ತುಂಬುವ ಮುನ್ನ ಪ್ರತಿ ಪಿನ್ನನ್ನೂ ಮಲ್ಟಿಮೀಟರಿನಿಂದ ಪರೀಕ್ಷಿಸಿ.