ಒಂಟಿನಳಿಗೆಯ ಕೋವಿಯೂ ಮೃಗಬೇಟೆಯೂ: ಮೈಸೂರು ಸೀಮೆಯ ಒಂದು ಚಾರಿತ್ರಿಕ ವಿವೇಚನೆ

ಮೈಸೂರು ಸೀಮೆಯ ಬೇಟೆಯನ್ನು ಕುರಿತು ಬರೆದವರಲ್ಲಿ ಬಹುಮಂದಿ ಬೇಟೆಗಾರನ ಸಾಹಸವನ್ನೋ ಮೃಗದ ಸೌಂದರ್ಯವನ್ನೋ ವರ್ಣಿಸಿ ತೃಪ್ತರಾದರಲ್ಲದೆ, ಅವೆರಡರ ನಡುವೆ ನಿಂತ ಆಯುಧವನ್ನು ಸ್ವತಂತ್ರ ವಿಷಯವೆಂದು ಎಣಿಸಿ ಪರಿಶೀಲಿಸಿದವರು ವಿರಳ. ಅದರಲ್ಲಿಯೂ ಒಂದು ಸಲಕ್ಕೆ ಒಂದೇ ಈಡನ್ನು ಹಾರಿಸಬಲ್ಲ ದಪ್ಪ ಗುಂಡಿನ ಕೋವಿಯನ್ನು, ಜೋಡುನಳಿಗೆ ಕೊಳ್ಳಲಾರದ ಬಡವನ ಸಾಧನವೆಂದು ತಳ್ಳಿಹಾಕುವುದೇ ರೂಢಿಯಾಗಿದೆ. ಮೊದಲ ಈಡು ತಪ್ಪಿದರೆ ಎರಡನೆಯದಕ್ಕೆ ಎಡೆಯಿಲ್ಲದ ಈ ಕೋವಿಯ ಚರಿತ್ರೆಯು ಈಡಿಗೆ ಮುನ್ನ ನಡೆಯುವ ಸಿದ್ಧತೆಯ ಚರಿತ್ರೆಯೇ ಆಗಿದೆಯೆಂದೂ, ಆ ಸಿದ್ಧತೆಯ ಸ್ವರೂಪವನ್ನು ಮೊದಲು ನೆಲವೂ ಮದ್ದೂ, ತರುವಾಯ ಸರ್ಕಾರದ ಶಾಸನವೂ ನಿರ್ಣಯಿಸಿದುವೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಮದ್ದುಗುಂಡುಗಳು ಬರುವ ಮೊದಲೇ ಮೃಗಯೆಯು ಕನ್ನಡನಾಡಿನಲ್ಲಿ ಶಾಸ್ತ್ರದ ಪದವಿಗೇರಿತ್ತು. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಯಾವಿನೋದಕ್ಕೆ ವಿಸ್ತಾರವಾದ ಪ್ರಕರಣವೇ ಮೀಸಲಾಗಿದ್ದು, ಸಾಕಿ ಪಳಗಿಸಿದ ಮೃಗವನ್ನು ದೀವವಾಗಿ ಬಿಟ್ಟು ಕಾಡಿನ ಮೃಗವನ್ನು ಬಿಲ್ಲಿನಳವಿಗೆ ಸೆಳೆಯುವ ಉಪಾಯವು ಅಲ್ಲಿ ನಿರೂಪಿತವಾಗಿದೆ. ದೂರವನ್ನು ಆಯುಧದಿಂದ ಗೆಲ್ಲಲಾಗದಿದ್ದ ಕಾಲದಲ್ಲಿ ಅದನ್ನು ಉಪಾಯದಿಂದ ಕಿರಿದಾಗಿಸುತ್ತಿದ್ದರು. ೧೫೨೦ರ ರಾಯಚೂರಿನ ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪಕ್ಷದಲ್ಲಿ ಪೋರ್ಚುಗೀಸ್ ಕೋವಿಗಾರರು ಕೋಟೆಯ ಮೇಲಿದ್ದವರನ್ನು ಗುರಿಯಿಟ್ಟು ಕೆಡವಿದ ವೃತ್ತಾಂತವನ್ನು ಪೋರ್ಚುಗೀಸ್ ಬರಹಗಾರ ನೂನಿಜ್ ಬರೆದಿಟ್ಟಿದ್ದಾನೆ. ಆದರೆ ಆ ಕಾಲದ ಬತ್ತಿಕೋವಿಯು ಮನುಷ್ಯನ ಮೇಲೆ ಫಲಿಸಿದಷ್ಟು ಸುಲಭವಾಗಿ ಹುಲ್ಲೆಯ ಮೇಲೆ ಫಲಿಸುವಂತಹುದಲ್ಲ. ಸದಾ ಉರಿಯುತ್ತಿರಬೇಕಾದ ಬತ್ತಿಯ ಹೊಗೆಯೂ ಗಂಧವೂ ಗಾಳಿ ತಿರುಗಿದ ಕೂಡಲೇ ಮೃಗದ ಮೂಗಿಗೆ ಸುದ್ದಿ ಮುಟ್ಟಿಸಿಬಿಡುತ್ತಿದ್ದುವು.

ಕೋವಿಗಳ ಚರಿತ್ರೆಯಲ್ಲಿ ಕೋಲಾರದ ಸೀಮೆಗೆ ಒಂದು ಸ್ಥಾನವುಂಟು. ಹೈದರಾಲಿ ಹುಟ್ಟಿದ್ದು ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮಹಮ್ಮದನ ಸಮಾಧಿ ಇರುವುದು ಕೋಲಾರದಲ್ಲಿ. ಆ ಮನೆತನದ ಕೈಗೆ ರಾಜ್ಯ ಬಂದ ಮೇಲೆ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ತಯಾರಾದ ಚಕಮಕಿ ಕೋವಿಗಳು, ಹುಲಿಯ ಚಿತ್ತಾರಗಳಿಂದ ಅಲಂಕೃತವಾಗಿ, ಯೂರೋಪಿನ ಕೋವಿಗಳಿಗೆ ಸರಿಸಮನೆನ್ನುವಂತೆ ರೂಪುಗೊಂಡುವು. ಅಸದ್ ಖಾನ್ ಮಹಮ್ಮದ್ ಎಂಬ ಕುಶಲಿಯ ಹೆಸರು ಅಂತಹ ಕೋವಿಗಳ ಮೇಲೆ ಇಂದಿಗೂ ಉಳಿದಿದೆ. ೧೭೯೯ರಲ್ಲಿ ಪಟ್ಟಣ ಬಿದ್ದಾಗ ಅವುಗಳಲ್ಲಿ ಶ್ರೇಷ್ಠವಾದುವು ಇಂಗ್ಲೆಂಡಿಗೆ ಸಾಗಿಹೋದುವು. ನಮ್ಮ ಕರಕುಶಲಿಗಳ ಆ ಕೌಶಲ ಇನ್ನೂ ಎರಡು ತಲೆಮಾರು ರಾಜಾಶ್ರಯದಲ್ಲಿ ಬೆಳೆದಿದ್ದರೆ ಏನಾಗುತ್ತಿತ್ತೋ ಎಂದು ಮನಸ್ಸು ಮರುಗದೆ ಇರದು.

ಚಕಮಕಿಯಲ್ಲಿಯೂ ಒಂದು ದೋಷವಿತ್ತು. ಕಿಡಿ ಹಾರಿ ಮದ್ದಿಗೆ ಬೆಂಕಿ ಮುಟ್ಟುವುದರೊಳಗೆ ಕಾಣಿಸಿಕೊಳ್ಳುವ ಮಿಂಚಿಗೆ ಬೆದರಿ ಬೇಟೆಯು ಸರಿದುಹೋಗುತ್ತಿತ್ತು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತನು ಹಕ್ಕಿಗಳು ಹೀಗೆ ತಪ್ಪಿಸಿಕೊಳ್ಳುವುದನ್ನು ಕಂಡು, ಏಟಿಗೆ ಸಿಡಿಯುವ ರಾಸಾಯನಿಕವನ್ನು ಬಳಸುವ ಉಪಾಯಕ್ಕೆ ೧೮೦೭ರಲ್ಲಿ ಹಕ್ಕುಪತ್ರ ಪಡೆದನು. ಅದರಿಂದ ಹುಟ್ಟಿದ ತಾಮ್ರದ ಕೇಪು, ಮಳೆಯೂ ಮಂಜೂ ತಪ್ಪದ ಮಲೆನಾಡಿಗೆ ವರವಾಗಿ ಪರಿಣಮಿಸಿತು. ಕೇಪಿನ ಕೋವಿಯೆಂಬ ಹೆಸರು ಅಲ್ಲಿಯ ಮನೆಮಾತಾಯಿತು.

ಈ ಬಾಯಿತುಂಬುವ ಕೋವಿಯನ್ನು ಮೃಗಕ್ಕೆಂದು ಅಣಿಗೊಳಿಸುವ ಕ್ರಮವನ್ನು ತುಸು ವಿವರವಾಗಿ ನೋಡಬೇಕು. ಒಂದು ಪೌಂಡು ಸೀಸದಲ್ಲಿ ನಳಿಗೆಯ ಅಳತೆಗೆ ಎಷ್ಟು ಉಂಡೆಗಳಾಗುವುವೋ ಆ ಸಂಖ್ಯೆಯೇ ಅದರ ಬೋರು. ಆದ್ದರಿಂದ ಸಂಖ್ಯೆ ಕಿರಿದಾದಷ್ಟೂ ಗುಂಡು ಹಿರಿದು. ಹನ್ನೆರಡು ಬೋರಿನ ಉಂಡೆ ಸುಮಾರು ೩೮ ಗ್ರಾಂ ತೂಗಿದರೆ, ನಾಲ್ಕು ಬೋರಿನದು ೧೧೩ ಗ್ರಾಂ. ಕೊಕ್ಕರೆಗೋ ಮೊಲಕ್ಕೋ ಚರೆ ತುಂಬಿದರೆ ಸಾಕು. ಕಡವೆಗೆ ಒಂಟಿ ಗುಂಡೇ ಬೇಕು. ಮದ್ದನ್ನು ಅಳೆದು ಸುರಿದು, ಎಣ್ಣೆ ಸವರಿದ ಬಟ್ಟೆಯ ಚೂರಿನಲ್ಲಿ ಉಂಡೆಯನ್ನು ಸುತ್ತಿ, ಗಜದ ಕೋಲಿನಿಂದ ಅದು ಮದ್ದಿನ ಮೇಲೆ ಭದ್ರವಾಗಿ ಕೂರುವ ತನಕ ಇಳಿಸುವುದರಲ್ಲಿ ಕೈಯ ಹದವೆಲ್ಲ ಅಡಗಿತ್ತು. ಉಂಡೆಗೂ ಮದ್ದಿಗೂ ನಡುವೆ ಎಡೆ ಉಳಿದರೆ ನಳಿಗೆ ಒಡೆಯುವ ಅಪಾಯ. ಈಡಿನಿಂದ ಈಡಿಗೆ ಮದ್ದಿನ ಅಳತೆ ಬೇರೆಯಾದರೆ ಗುಂಡಿನ ಪಾತವೂ ಬೇರೆ. ಗುರಿಯನ್ನು ಹೊಂದಿಸುವುದೆಂದರೆ ನಳಿಗೆಯ ತುದಿಯ ಮಣಿಯನ್ನು ಸರಿಪಡಿಸುವುದಷ್ಟೇ ಅಲ್ಲ, ಒಂದೇ ಅಳತೆಯ ಮದ್ದಿಗೆ ನಿಷ್ಠನಾಗಿರುವುದೂ ಹೌದು.

ಇಲ್ಲಿ ನೆಲದ ಭೇದವನ್ನು ಗಮನಿಸದೆ ಮುಂದುವರಿಯಲಾಗದು. ಮಲೆನಾಡಿನ ಹಳುವಿನಲ್ಲಿ ಸೋವಿನವರು ಎಬ್ಬಿಸಿದ ಕಡವೆಯಾಗಲಿ ಕಾಡುಕುರಿಯಾಗಲಿ ಬಿಲ್ಲಿಗೆ, ಎಂದರೆ ಹೊಂಚುವ ತಾಣದಲ್ಲಿ, ಕುಳಿತವನ ಮುಂದೆ ಇಪ್ಪತ್ತು ಮೂವತ್ತು ಗಜಗಳಲ್ಲಿ ಕ್ಷಣಮಾತ್ರ ಹಾದುಹೋಗುವುದು. ಅಲ್ಲಿ ಬೇಕಾದುದು ಭಾರವಾದ ಗುಂಡು, ನಿಧಾನವಾದರೂ ಚಿಂತೆಯಿಲ್ಲ. ಕೋಲಾರ ಸೀಮೆಯ ಕ್ಯಾಲನೂರಿನಿಂದ ಮೊದಲಾಗಿ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳವರೆಗೆ ಹರಡಿದ ಬಯಲುಸೀಮೆಯ ಸ್ಥಿತಿ ಬೇರೆ. ಬೋಳು ಬಂಡೆಗಳ ಬೆಟ್ಟಗಳು, ಕೆರೆಯ ಅಂಗಳಗಳು, ಕಟಾವಾದ ರಾಗಿಯ ಹೊಲಗಳು ಇರುವ ನಾಡಿನಲ್ಲಿ ಮೃಗವೆಂದರೆ ಕೃಷ್ಣಮೃಗವೇ. ಪ್ರಾಣಿಶಾಸ್ತ್ರಜ್ಞರು ಅದನ್ನು ಜಿಂಕೆಯ ಕುಲಕ್ಕೆ ಸೇರಿಸದಿದ್ದರೂ ಬೇಟೆಗಾರನ ಲೆಕ್ಕದಲ್ಲಿ ಅದೂ ಹುಲ್ಲೆಯೇ. ದೂರದಿಂದಲೇ ಮನುಷ್ಯನನ್ನು ಕಂಡು ಚಂಗನೆ ನೆಗೆದೋಡುವ ಅದನ್ನು ದಪ್ಪ ಉಂಡೆಯ ನಯನಳಿಗೆಯಿಂದ ಹೊಡೆಯುವುದು ದುಸ್ಸಾಧ್ಯ.

ಹತ್ತೊಂಬತ್ತನೆಯ ಶತಮಾನದ ಬೇಟೆಗಾರರ ವಾದವಿವಾದಗಳೆಲ್ಲ ಈ ತೊಡಕನ್ನು ಬಿಡಿಸುವ ಯತ್ನಗಳೇ. ಮಧ್ಯಪ್ರಾಂತಗಳಲ್ಲಿ ಅಧಿಕಾರಿಯಾಗಿದ್ದ ಜೇಮ್ಸ್ ಫೋರ್ಸೈತನು ೧೮೬೦ರ ದಶಕದ ಆರಂಭದಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನಳಿಗೆಯ ಒಳಮೈಯ ಸುರುಳಿ ಗೀರುಗಳು ಬಹು ನಿಧಾನವಾಗಿ ತಿರುಗಬೇಕು, ಮದ್ದು ಹೇರಳವಾಗಿರಬೇಕು ಎಂದು ಪ್ರತಿಪಾದಿಸಿದನು. ಗೀರಿನ ತಿರುವು ಬಿಗಿಯಾಗಿದ್ದರೆ ಹೆಚ್ಚು ಮದ್ದಿನ ನೂಕಿಗೆ ಮೃದುವಾದ ಸೀಸದ ಉಂಡೆಯು ಗೀರುಗಳ ಹಿಡಿತ ಬಿಟ್ಟು ನೇರ ಜಾರಿಬಿಡುವುದು. ತಿರುವು ಸಡಿಲವಾಗಿದ್ದರೆ ಅದೇ ಉಂಡೆಯು ವೇಗವನ್ನೂ ಸುತ್ತನ್ನೂ ಒಟ್ಟಿಗೆ ಪಡೆದು, ಬೇಟೆಯ ಸಾಮಾನ್ಯ ದೂರಗಳಲ್ಲಿ ಹೆಚ್ಚು ಬಾಗದೆ ಸಾಗುವುದು. ಹಿಂಬದಿಯ ಗುರಿಯ ಸೀಳನ್ನು ದೂರದೂರಕ್ಕೂ ಬದಲಿಸುವ ಗೋಜು ಇದರಿಂದ ತಪ್ಪಿತು. ಈ ವಿಚಾರಸರಣಿಯು ನಮ್ಮ ಬಯಲಿಗೆ ಹೇಳಿಮಾಡಿಸಿದಂತಿದೆಯೆಂದು ನನ್ನ ನಿಶ್ಚಿತಾಭಿಪ್ರಾಯ. ೧೮೬೪ರಲ್ಲಿ ಭಾರತಕ್ಕೆ ಬಂದು, ಕನ್ನಡ ಕಲಿತು, ಮೈಸೂರಿನ ಖೆಡ್ಡಾಗಳಿಗೆ ಹೆಸರಾದ ಜಿ. ಪಿ. ಸ್ಯಾಂಡರ್ಸನ್ನನು ೧೮೭೮ರ ತನ್ನ ಗ್ರಂಥದಲ್ಲಿ ಆನೆ ಕಾಟಿಗಳಿಗೆ ನಾಲ್ಕು ಮತ್ತು ಎಂಟು ಬೋರಿನ ಮಹಾ ಕೋವಿಗಳನ್ನು ಬಳಸಿದ ಸಂಗತಿಯನ್ನು ಬರೆದಿದ್ದಾನೆ. ಹುಲ್ಲೆಗೆ ಅಂತಹ ಕೋವಿಯನ್ನು ಎತ್ತುವುದು ಸಲ್ಲದು.

ಹಿಂಬದಿಯಿಂದ ತೋಟಾ ಹಾಕುವ ಕ್ರಮ ಬಂದಾಗ ಒಂಟಿ ಈಡಿನ ಕೋವಿ ತನ್ನ ಪರಿಪಾಕವನ್ನು ಮುಟ್ಟಿತು. ೧೮೬೬ರ ಸ್ನೈಡರ್ ಹಳೆಯ ಎನ್‌ಫೀಲ್ಡಿನ ಮಾರ್ಪಾಡು ಮಾತ್ರ. ೧೮೭೧ರಲ್ಲಿ ಬ್ರಿಟಿಷ್ ಸೈನ್ಯ ಅಂಗೀಕರಿಸಿದ ಮಾರ್ಟಿನಿ-ಹೆನ್ರಿಯಾದರೋ ಹೊಸ ಸೃಷ್ಟಿ. ಹಿಡಿಯ ಕೆಳಗಿನ ಸನ್ನೆಯನ್ನು ಇಳಿಸಿದೊಡನೆ ಉಕ್ಕಿನ ಅಡ್ಡಿ ಜಗ್ಗಿ ನಳಿಗೆಯ ಹಿಂಬಾಯಿ ತೆರೆಯುವುದು. ತೋಟಾ ಇಟ್ಟು ಸನ್ನೆ ಮುಚ್ಚಿದರೆ ಕೋವಿ ಸಿದ್ಧ. ಹೊರಗೆ ಕುದುರೆಯಿಲ್ಲದ್ದರಿಂದ ಮೃಗದ ಸನಿಹದಲ್ಲಿ ಅದನ್ನು ಎತ್ತುವ ಸದ್ದೂ ಇಲ್ಲ. ೦.೪೫೦ ಅಂಗುಲದ ನಳಿಗೆ, ೮೫ ಗ್ರೇನು ಮದ್ದು, ೪೮೦ ಗ್ರೇನು ಎಂದರೆ ಸುಮಾರು ೩೧ ಗ್ರಾಂ ಸೀಸ: ಕಡವೆಗೆ ಬೇಕಾದುದಕ್ಕಿಂತ ಕಡಿಮೆಯೇನಲ್ಲ. ಈ ಬಗೆಯ ಯಂತ್ರವನ್ನೂ, ೧೮೭೨ರಲ್ಲಿ ಫಾರ್ಕರ್ಸನ್ ಹಕ್ಕು ಪಡೆದ ಬೀಳು-ಅಡ್ಡಿಯ ಯಂತ್ರವನ್ನೂ ಬೇಟೆಯ ಕೋವಿಗಳಿಗೆ ಅಳವಡಿಸಿದ ಕಮ್ಮಾರರು, ಜೋಡುನಳಿಗೆಗಳನ್ನು ಒಂದೇ ಬಿಂದುವಿಗೆ ಹೊಂದಿಸುವ ದುಬಾರಿ ಶ್ರಮವಿಲ್ಲದೆಯೇ ನಿಖರತೆಯನ್ನು ಸಾಧಿಸಿದರು. ಎರಡು ನಳಿಗೆಗಳ ಕಲಹವಿಲ್ಲದ ಕಾರಣ ಒಂಟಿನಳಿಗೆಯ ಗುರಿ ಒಮ್ಮೆ ಕೂತರೆ ಕೂತಂತೆಯೇ.

ಆದರೆ ನಳಿಗೆಯ ಈ ೦.೪೫೦ರ ಅಳತೆಯೇ ಒಂಟಿನಳಿಗೆಯ ಕೋವಿಗೆ ಮುಳುವಾಯಿತು. ೦.೪೫೦ರ ಸೈನಿಕ ಕೋವಿಗಳಿಗೆ ತೋಟಾ ಒದಗಿ ಬಂಡಾಯಕ್ಕೆ ನೆರವಾದೀತೆಂಬ ಭಯದಿಂದ ಬ್ರಿಟಿಷ್ ಸರ್ಕಾರವು ೧೯೦೭ರ ಸುಮಾರಿಗೆ ಆ ಅಳತೆಯ ಕೋವಿ ತೋಟಾಗಳು ಭಾರತಕ್ಕೆ ಬರದಂತೆ ನಿರ್ಬಂಧಿಸಿತು. ಲಂಡನ್ನಿನ ತಯಾರಕರು ೦.೪೬೫, ೦.೪೭೦, ೦.೪೭೫ ಎಂದು ಅಳತೆಯನ್ನು ಕೂದಲೆಳೆಯಷ್ಟು ಸರಿಸಿ ಹೊಸ ತೋಟಾಗಳನ್ನು ನಿರ್ಮಿಸಿದರು. ಸೈನ್ಯದ ೦.೩೦೩ ಕೂಡ ಪ್ರಜೆಗಳಿಗೆ ನಿಷಿದ್ಧವಾದ್ದರಿಂದಲೇ ಭಾರತದಲ್ಲಿ ೦.೩೧೫ ರೂಢಿಗೆ ಬಂದಿತು. ಯಾವ ಗುಂಡು ಯಾವ ಮೃಗಕ್ಕೆ ತಕ್ಕುದೆಂಬ ಬೇಟೆಗಾರರ ಚರ್ಚೆಯನ್ನು ಹೀಗೆ ರಾಜಕಾರಣವು ಮೊಟಕುಗೊಳಿಸಿತು. ಬಂದೂಕಿನಂಗಡಿಯಲ್ಲಿ ದೊರೆಯುವುದೇ ಆಯ್ಕೆಯಾಯಿತು.

ಊರವರ ಕೋವಿಯ ಮೇಲೆ ಹಿಡಿತ ಮೊದಲೇ ಬಿಗಿದಿತ್ತು. ೧೮೭೮ರ ಆಯುಧ ಶಾಸನವು ಪರವಾನಗಿಯನ್ನು ಕಡ್ಡಾಯಗೊಳಿಸಿತು. ೧೯೦೧ರಲ್ಲಿ ಮೈಸೂರು ಸಂಸ್ಥಾನವು ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ಸಂರಕ್ಷಣೆಗೆ ತನ್ನದೇ ಕಾಯಿದೆಯನ್ನು ತಂದಿತು. ೧೮೬೧ರಲ್ಲಿ ಕೊಡವರಿಗೆ ದೊರೆತ ಆಯುಧ ಪರವಾನಗಿಯ ವಿನಾಯಿತಿ ಮಾತ್ರ ಉಳಿದುಬಂದು, ೨೦೧೯ರಲ್ಲಿ ಕೇಂದ್ರ ಸರ್ಕಾರವು ಅದನ್ನು ಮತ್ತೆ ಹತ್ತು ವರ್ಷ ವಿಸ್ತರಿಸಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೃಷ್ಣಮೃಗವನ್ನು ಮೊದಲನೆಯ ಅನುಸೂಚಿಯಲ್ಲಿರಿಸಿದ ಮೇಲೆ ಮೃಗಬೇಟೆಯ ಅಧ್ಯಾಯ ಮುಗಿಯಿತು; ಅದು ಮುಗಿದದ್ದು ಒಳಿತೇ, ಏಕೆಂದರೆ ಕೋಲಾರದ ಚಿನ್ನದ ಗಣಿಯ ಆಸುಪಾಸಿನ ಬಯಲಿನಲ್ಲಿ ಇಂದಿಗೂ ಕಾಣುವ ಕೃಷ್ಣಮೃಗಗಳು ಆ ರಕ್ಷಣೆಯಿಲ್ಲದೆ ಉಳಿಯುತ್ತಿದ್ದುವೆಂದು ನಂಬಲಾರೆ. ಕೋವಿಗೆ ಶಾಸನದಲ್ಲಿ ಉಳಿದ ಎಡೆ ಬೇರೊಂದು: ಬೆಳೆಯ ರಕ್ಷಣೆಗಾಗಿ ರೈತನು ಬಾಯಿತುಂಬುವ ಕೋವಿಗೆ ಪರವಾನಗಿ ಕೇಳಬಹುದೆಂದು ೧೯೫೯ರ ಆಯುಧ ಕಾಯಿದೆಯ ೧೩ನೆಯ ಪ್ರಕರಣವು ಹೇಳುತ್ತದೆ.