ವಿಷಣ್ಣತೆಯೂ ಅಂಡಾಶಯವೂ: ಒಂದು ರೋಗನಾಮದ ಇತಿಹಾಸ

ಮುಟ್ಟನ್ನು ಕೃತಕವಾಗಿ ನಿಲ್ಲಿಸಿದರೆ ಸ್ತ್ರೀಯರ ಋತುವೇದನೆಯೂ ನರಸಂಬಂಧಿ ಬಾಧೆಗಳೂ ಇಳಿಯುವುವೆಂದು ನಂಬಿದ ಅಮೆರಿಕದ ಶಸ್ತ್ರವೈದ್ಯ ರಾಬರ್ಟ್ ಬ್ಯಾಟಿ, 1872ರಲ್ಲಿ ಜಾರ್ಜಿಯಾ ರಾಜ್ಯದ ರೋಮ್ ಪಟ್ಟಣದಲ್ಲಿ ಅಂಡಾಶಯಗಳನ್ನು ತೆಗೆದುಹಾಕುವ ಚಿಕಿತ್ಸೆಯನ್ನು ಆರಂಭಿಸಿದರು. ಮುಂದಿನ ದಶಕಗಳಲ್ಲಿ ಇತರ ವೈದ್ಯರು ಅದನ್ನು ಚಿತ್ತವಿಕಾರಗಳಿಗೂ ಪ್ರಯೋಗಿಸಿದರು. ಅಂಡಾಶಯವು ಈಸ್ಟ್ರೋಜನ್ ಎಂಬ ಹಾರ್ಮೋನನ್ನು, ಅಂದರೆ ರಕ್ತದಲ್ಲಿ ಸಂಚರಿಸಿ ಮಿದುಳನ್ನೂ ಪ್ರಭಾವಿಸುವ ರಾಸಾಯನಿಕವನ್ನು, ಸ್ರವಿಸುತ್ತದೆಂಬ ಅರಿವು ಆಗ ಇರಲಿಲ್ಲವಾದ್ದರಿಂದ, ಮನಸ್ಸಿನ ನೆಮ್ಮದಿಗೆಂದು ಮಾಡಿದ ಶಸ್ತ್ರಕ್ರಿಯೆಯೇ ನೆಮ್ಮದಿಗೆ ಆಧಾರವಾದ ಒಂದು ಮೂಲವನ್ನು ಕಿತ್ತುಹಾಕುತ್ತಿತ್ತು. ಇದಕ್ಕಿಂತ ಕ್ರೂರವಾದ ವಿಪರ್ಯಾಸ ವೈದ್ಯಕೀಯ ಚರಿತ್ರೆಯಲ್ಲಿ ವಿರಳ.

ಅದೇ ದಶಕಗಳಲ್ಲಿ, ಸ್ತ್ರೀಯರಲ್ಲಿ ಮುಟ್ಟು ನಿಲ್ಲುವ ವಯಸ್ಸಿನ ವಿಷಣ್ಣತೆಯೂ ಮನೋವೈದ್ಯರ ಗಮನ ಸೆಳೆಯಿತು. ಜರ್ಮನಿಯ ಮನೋವೈದ್ಯ ಎಮಿಲ್ ಕ್ರೇಪೆಲಿನ್ 1896ರಲ್ಲಿ, ನಡುವಯಸ್ಸು ದಾಟಿದವರಲ್ಲಿ ಆತಂಕದೊಡನೆ ಕಾಣಿಸಿಕೊಳ್ಳುವ ವಿಷಣ್ಣತೆಯನ್ನು ಪ್ರತ್ಯೇಕ ರೋಗವೆಂದು ವರ್ಗೀಕರಿಸಿ, ವೈದ್ಯ ಜಾರ್ಜ್ ಡ್ರೇಫಸ್ ಅವರ 1907ರ ಅಧ್ಯಯನದ ಬಳಿಕ ಆ ನಿಲುವನ್ನು ಕೈಬಿಟ್ಟರೂ, ಅದಕ್ಕೆ ಅಂಟಿದ್ದ ‘ಇನ್ವಲ್ಯೂಷನಲ್ ಮೆಲಂಕೋಲಿಯಾ’ ಎಂಬ ಹೆಸರು ಮಾತ್ರ ಉಳಿದುಕೊಂಡಿತು. ಅಮೆರಿಕದ ಸಂಶೋಧಕಿ ಮಿರ್ನಾ ವೈಸ್‌ಮನ್ 1979ರಲ್ಲಿ ಆ ರೋಗಕಲ್ಪನೆಯನ್ನು ಮಿಥ್ಯೆಯೆಂದು ಕರೆದರು. ಮರುವರ್ಷವೇ ಪ್ರಕಟವಾದ ಅಮೆರಿಕದ ಮನೋರೋಗ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ಅದಕ್ಕೆ ಸ್ಥಾನವಿರಲಿಲ್ಲ. ಆದರೆ ಹೆಸರಿನೊಂದಿಗೆ, ಮುಟ್ಟು ನಿಲ್ಲುವುದಕ್ಕೂ ವಿಷಣ್ಣತೆಗೂ ನಂಟಿದೆಯೇ ಎಂಬ ಪ್ರಶ್ನೆಯನ್ನೂ ಬದಿಗಿಟ್ಟದ್ದು ಅವಸರದ ತೀರ್ಮಾನವೇ ಸರಿ: ಮುಟ್ಟು ನಿಲ್ಲುವ ಮುನ್ನ ಈಸ್ಟ್ರೋಜನ್ ಏರುಪೇರಾಗುವ ವರ್ಷಗಳಲ್ಲಿ ಕೆಲವು ಸ್ತ್ರೀಯರಿಗೆ ಖಿನ್ನತೆಯ ಅಪಾಯ ಹೆಚ್ಚುತ್ತದೆಂದೂ, ಬದುಕಿನ ಒತ್ತಡವು ಅದನ್ನು ಇನ್ನಷ್ಟು ಬೆಳೆಸುತ್ತದೆಂದೂ ನಂತರದ ಅಧ್ಯಯನಗಳು ತೋರಿಸಿವೆ.